ಮರಳ ಕಡಲನ್ನು ದಾಟಿದ ಸಾರಥಿ: ರಾಲ್ಫ್ ಬ್ಯಾಗ್ನೋಲ್ಡ್

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ರಸ್ತೆಯೂ, ಪುತ್ತೂರು, ಸುಳ್ಯ, ಮಡಿಕೇರಿಗಳ ಮೂಲಕ ಮೈಸೂರಿಗೆ ಹೋಗುವ ರಸ್ತೆಯೂ ಕವಲೊಡೆಯುವ ಸ್ಥಳ ಮಾಣಿ. ಶಿರಾಡಿ ಘಾಟಿಯನ್ನು ಏರಲಿರುವ ಲಾರಿಗಳೂ ಕೊಡಗಿನ ಬೆಟ್ಟಗಳಿಗೆ ಹೋಗುವ ಲಾರಿಗಳೂ ಇದೇ ಕೂಡುರಸ್ತೆಯನ್ನು ದಾಟಬೇಕು. ಮುಂದಿನ ದಾರಿ ಕಠಿನವೆಂದು ಬಲ್ಲ ಚಾಲಕನು ಇಂಥ ಕಡೆಗಳಲ್ಲಿ ಗಾಡಿ ನಿಲ್ಲಿಸಿ ಕೆಳಗಿಳಿದು, ಕೈಯಲ್ಲೊಂದು ಕಬ್ಬಿಣದ ಸರಳನ್ನು ಹಿಡಿದು, ಟಯರುಗಳನ್ನು ಒಂದೊಂದಾಗಿ ಬಡಿದು ನೋಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಗಟ್ಟಿಯಾಗಿ ಗಾಳಿ ತುಂಬಿದ ಟಯರಿನ ಸದ್ದೇ ಬೇರೆ, ಗಾಳಿ ಇಳಿದ ಟಯರಿನ ಸದ್ದೇ ಬೇರೆ. ಆ ಬಡಿತದಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ಈ ಭಾರಕ್ಕೆ, ಈ ದಾರಿಗೆ ಎಷ್ಟು ಪೌಂಡು ಗಾಳಿ ಬೇಕು? ಆ ಗಾಳಿಯ ಮೇಲೆ ಎಷ್ಟು ವೇಗದಿಂದ ಹೋಗಬಹುದು?

ಪ್ರಶ್ನೆಗಳು ಸಣ್ಣವೆಂದು ತೋರಬಹುದು. ಆದರೆ ಚಕ್ರವು ನೆಲದೊಳಗೆ ಹೂತುಹೋದರೆ ಏನಾಗುತ್ತದೆಂಬುದನ್ನು ಕರ್ಣಪರ್ವದ ತಾಳಮದ್ದಳೆಯನ್ನು ಕೇಳಿದ ನಮ್ಮ ನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಿಲ್ವಿದ್ಯೆಯಲ್ಲಿ ಅರ್ಜುನನಿಗೆ ಸಮನಾದ ವೀರನು ಕೊನೆಗೆ ಸಿಕ್ಕಿಬಿದ್ದದ್ದು ಕೆಸರಿನಲ್ಲಿ ಕುಸಿದ ಒಂದು ಗಾಲಿಯ ದೆಸೆಯಿಂದ. ಯುದ್ಧದಲ್ಲಿ ಶೌರ್ಯದಷ್ಟೇ ಗಾಲಿಯೂ ಮುಖ್ಯ. ಈ ಸತ್ಯವನ್ನು ಇಪ್ಪತ್ತನೆಯ ಶತಮಾನದಲ್ಲಿ ಪ್ರಯೋಗದಿಂದ ಅರಿತು, ಅದರ ಬಲದಿಂದಲೇ ಒಂದು ಸೇನಾದಳವನ್ನು ಕಟ್ಟಿ, ಅದರ ಹಿಂದಿನ ಭೌತಶಾಸ್ತ್ರವನ್ನೂ ಬರೆದ ಮಹನೀಯರೊಬ್ಬರಿದ್ದರು. ಅವರೇ ಬ್ರಿಗೇಡಿಯರ್ ರಾಲ್ಫ್ ಆಲ್ಗರ್ ಬ್ಯಾಗ್ನೋಲ್ಡ್. ಅವರ ಕಾರ್ಯಕ್ಷೇತ್ರ ನಮ್ಮ ಘಾಟಿಗಳಲ್ಲ, ಈಜಿಪ್ಟ್ ಮತ್ತು ಲಿಬಿಯಗಳ ಮಹಾಮರುಭೂಮಿ. ಆದರೂ ಅವರು ಕಂಡುಕೊಂಡ ನಿಯಮ ಎಲ್ಲ ನೆಲಕ್ಕೂ ಅನ್ವಯಿಸುವಂಥದು.

ಬ್ಯಾಗ್ನೋಲ್ಡರು 1896ನೆಯ ಏಪ್ರಿಲ್ 3ರಂದು ಇಂಗ್ಲೆಂಡಿನ ಡೆವನ್‌ಪೋರ್ಟಿನಲ್ಲಿ ಜನಿಸಿದರು. ತಂದೆಯವರು ರಾಯಲ್ ಇಂಜಿನಿಯರ್ಸ್ ದಳದಲ್ಲಿ ಕರ್ನಲ್ ಆಗಿದ್ದವರು. ಖಾರ್ಟೂಮಿನಲ್ಲಿ ಮುತ್ತಿಗೆಗೆ ಸಿಲುಕಿದ್ದ ಜನರಲ್ ಗೋರ್ಡನನನ್ನು ಬಿಡಿಸಲು 1884–85ರಲ್ಲಿ ನೈಲ್ ನದಿಯ ಗುಂಟ ಹೋದ ದಂಡಿನಲ್ಲಿ ಅವರೂ ಇದ್ದರು. ಹೀಗೆ ಮರುಭೂಮಿಯ ಹೆಸರು ಮಗನಿಗೆ ಮನೆಯಲ್ಲಿಯೇ ಪರಿಚಿತವಾಗಿತ್ತು. ಅಕ್ಕ ಈನಿಡ್ ಬ್ಯಾಗ್ನೋಲ್ಡ್ ಮುಂದೆ ಇಂಗ್ಲಿಷ್ ಸಾಹಿತ್ಯದಲ್ಲಿ ಹೆಸರು ಪಡೆದ ಲೇಖಕಿ. 'ನ್ಯಾಷನಲ್ ವೆಲ್ವೆಟ್' ಎಂಬ ಕಾದಂಬರಿ ಅವರದೇ. ಅಕ್ಕನ ಕೈಗೆ ಲೇಖನಿ ಬಂದರೆ ತಮ್ಮನ ಕೈಗೆ ಯಂತ್ರಗಳು ಬಂದವು.

ಮಾಲ್ವರ್ನ್ ಕಾಲೇಜಿನಲ್ಲಿಯೂ ವುಲ್ವಿಚ್ಚಿನ ಸೈನಿಕ ಅಕಾಡೆಮಿಯಲ್ಲಿಯೂ ಓದಿದ ಅವರು 1915ರಲ್ಲಿ ಸೈನ್ಯದ ಇಂಜಿನಿಯರ್ ದಳದ ಅಧಿಕಾರಿಯಾದರು. ಹತ್ತೊಂಬತ್ತರ ಹರೆಯದಲ್ಲಿ ಫ್ರಾನ್ಸಿನ ಯುದ್ಧಭೂಮಿಗೆ ಹೋಗಿ ಸೋಮ್, ಈಪ್ರ್, ಪ್ಯಾಶೆಂಡೇಲ್‌ಗಳ ಭೀಕರ ಕಾಳಗಗಳನ್ನು ಕಂಡರು. ಪ್ಯಾಶೆಂಡೇಲಿನ ಕೆಸರಿನಲ್ಲಿ ಮನುಷ್ಯರೂ ಕುದುರೆಗಳೂ ಫಿರಂಗಿಗಳೂ ಮುಳುಗಿಹೋದ ಕಥೆ ಚರಿತ್ರೆಯ ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ಯುದ್ಧ ಮುಗಿದ ಮೇಲೆ ಅವರು ಕೇಂಬ್ರಿಜ್ಜಿನ ಗಾನ್‌ವಿಲ್ ಅಂಡ್ ಕೀಸ್ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ, ಮತ್ತೆ ಸೈನ್ಯಕ್ಕೆ ಮರಳಿ, ತಂತಿ-ರೇಡಿಯೊಗಳ ಕೆಲಸ ನೋಡುವ ಸಿಗ್ನಲ್ಸ್ ದಳವನ್ನು ಸೇರಿದರು. ಅಲ್ಲಿಂದ 1920ರ ದಶಕದ ನಡುವಿನಲ್ಲಿ ಕೈರೋ ನಗರಕ್ಕೆ ವರ್ಗವಾದದ್ದೇ ಅವರ ಬಾಳಿನ ತಿರುವು.

ಕೈರೋದ ಪಶ್ಚಿಮಕ್ಕೆ ನೈಲ್ ನದಿಯ ಹಸುರನ್ನು ದಾಟಿದೊಡನೆಯೇ ಲಿಬಿಯನ್ ಮರುಭೂಮಿ ಆರಂಭವಾಗುತ್ತದೆ. ನೀರಿಲ್ಲ, ದಾರಿಯಿಲ್ಲ, ನಕ್ಷೆಯೂ ಇಲ್ಲ. ಒಂಟೆಗೂ ಅಸಾಧ್ಯವೆನಿಸಿದ್ದ ಪ್ರದೇಶ ಅದರಲ್ಲಿ ಬಹಳವಿತ್ತು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರ ಲಘು ಮೋಟಾರು ತುಕಡಿಗಳು ಫೋರ್ಡ್ ಕಾರುಗಳಲ್ಲಿ ಇದರ ಅಂಚಿನ ಭಾಗಗಳನ್ನು ಸುತ್ತಿದ್ದವು. ಯುದ್ಧ ಮುಗಿದ ಮೇಲೆ ಆ ಅನುಭವವನ್ನು ಸೈನ್ಯ ಮರೆತಿತ್ತು. ಬ್ಯಾಗ್ನೋಲ್ಡರೂ ಅವರ ಗೆಳೆಯರೂ ರಜೆಯ ದಿನಗಳಲ್ಲಿ ಸ್ವಂತ ಹಣ ಹಾಕಿ, ಹಳೆಯ ಫೋರ್ಡ್ 'ಮಾಡೆಲ್ ಟಿ', ಆ ಬಳಿಕ 'ಮಾಡೆಲ್ ಎ' ಗಾಡಿಗಳಲ್ಲಿ ಇದರೊಳಕ್ಕೆ ನುಗ್ಗಲಾರಂಭಿಸಿದರು.

ಮೊದಮೊದಲು ಮರಳು ಸಿಕ್ಕಿದಲ್ಲೆಲ್ಲ ಗಾಡಿ ಹೂತುಹೋಗುತ್ತಿತ್ತು. ಸಾಮಾನ್ಯ ಚಾಲಕನು ಇಂಥ ಸಂದರ್ಭದಲ್ಲಿ ಮಾಡುವುದೇನು? ಇಂಜಿನಿಗೆ ಇನ್ನಷ್ಟು ಬಲ ಕೊಡುವುದು. ಆಗ ಚಕ್ರ ಗಿರಗಿರನೆ ತಿರುಗಿ ಅಚ್ಚಿನವರೆಗೂ ಇಳಿಯುತ್ತದೆ. ಬ್ಯಾಗ್ನೋಲ್ಡರು ಬಲವನ್ನು ಬಿಟ್ಟು ನೆಲವನ್ನು ನೋಡಿದರು. ಅಗಲವಾದ ಟಯರುಗಳನ್ನು ಹಾಕಿಸಿದರು, ಅವುಗಳಲ್ಲಿನ ಗಾಳಿಯನ್ನು ಇಳಿಸಿದರು. ಹಿಂದೆ ಕಂದಕಗಳಿಗೆ ಮಾಡು ಹಾಕಲು ತಯಾರಿಸಿದ್ದ ಉಕ್ಕಿನ ಉದ್ದ ತಗಡುಗಳು ಕೈರೋದ ಗುಜರಿ ಅಂಗಡಿಯಲ್ಲಿ ದೊರೆತವು. ಹೂತ ಚಕ್ರದ ಕೆಳಗೆ ಅವನ್ನು ತೂರಿಸಿ ಗಾಡಿಯನ್ನು ಮೇಲೆತ್ತಿದರು. ಕುದಿದು ಆವಿಯಾಗುವ ರೇಡಿಯೇಟರಿನ ನೀರು ಪೋಲಾಗದಂತೆ, ಆವಿಯನ್ನು ಕೊಳವೆಯ ಮೂಲಕ ನೀರಿನ ಡಬ್ಬಿಯೊಂದಕ್ಕೆ ಹಾಯಿಸಿ ತಣಿಸಿ ಮತ್ತೆ ಉಪಯೋಗಿಸಿದರು. ಗಾಡಿಯ ಉಕ್ಕಿನ ನಡುವೆ ಅಯಸ್ಕಾಂತದ ದಿಕ್ಸೂಚಿ ತಪ್ಪು ತೋರಿಸುವುದರಿಂದ, ಒಂದು ಸೂಜಿಯ ನೆರಳನ್ನು ನೋಡಿ ದಿಕ್ಕು ಹಿಡಿಯುವ ಸೂರ್ಯದಿಕ್ಸೂಚಿಯನ್ನು ಸುಧಾರಿಸಿದರು. ಪ್ರತಿಯೊಂದೂ ಸರಳವಾದ ಉಪಾಯ. ಆದರೆ ಎಲ್ಲವೂ ಸೇರಿದಾಗ ಮರುಭೂಮಿಯ ಬಾಗಿಲು ತೆರೆಯಿತು.

ಗಾಳಿ ಇಳಿಸಿದರೆ ಗಾಡಿ ಏಕೆ ಹೂಳುವುದಿಲ್ಲ? ಇದನ್ನು ತಿಳಿಯಲು ಸ್ವಲ್ಪ ಗಣಿತ ಸಾಕು. ಟಯರು ಹೊರುವ ಭಾರವನ್ನು ಬಹುಮಟ್ಟಿಗೆ ಒಳಗಿನ ಗಾಳಿಯೇ ಹೊರುತ್ತದೆ. ಒಂದು ಚಕ್ರದ ಮೇಲೆ 1000 ಪೌಂಡು ಭಾರವಿದೆಯೆಂದು ಇಟ್ಟುಕೊಳ್ಳೋಣ. ಟಯರಿನಲ್ಲಿ ಚದರ ಅಂಗುಲಕ್ಕೆ 50 ಪೌಂಡು ಗಾಳಿಯಿದ್ದರೆ ಅದು ಸುಮಾರು 20 ಚದರ ಅಂಗುಲ ನೆಲವನ್ನು ಮುಟ್ಟುತ್ತದೆ. ಗಾಳಿಯನ್ನು 20 ಪೌಂಡಿಗೆ ಇಳಿಸಿದರೆ ಅದೇ ಭಾರವು ಸುಮಾರು 50 ಚದರ ಅಂಗುಲದ ಮೇಲೆ ಹರಡುತ್ತದೆ. ಟಯರಿನ ಗೋಡೆಯ ಬಿಗಿತವೂ ಸ್ವಲ್ಪ ಭಾರ ಹೊರುವುದರಿಂದ ಲೆಕ್ಕ ತುಸು ಹೆಚ್ಚುಕಡಿಮೆಯಾದೀತು, ತತ್ತ್ವ ಬದಲಾಗದು. ಮಳೆಗಾಲದಲ್ಲಿ ಕೆಸರುಗದ್ದೆಯ ಮೇಲೆ ಹಲಗೆ ಹಾಸಿ ನಡೆಯುವ ನಮ್ಮ ರೈತನು ಮಾಡುವುದೂ ಇದನ್ನೇ. ಹಲಗೆಯು ಮನುಷ್ಯನ ಭಾರವನ್ನು ಕಡಮೆ ಮಾಡುವುದಿಲ್ಲ, ಹರಡುತ್ತದೆ. ಕಬ್ಬಿಣದ ಪಟ್ಟಿಯ ಎತ್ತಿನ ಗಾಡಿ ಕಡಲತೀರದ ಒಣ ಮರಳಿನಲ್ಲಿ ಹೂಳುವುದು ಅದರ ಗಾಲಿಗೆ ಈ ಗುಣವಿಲ್ಲದ್ದರಿಂದಲೇ.

ಹಾಗಾದರೆ ಯಾವಾಗಲೂ ಗಾಳಿ ಕಡಮೆಯಿಟ್ಟರಾಗದೇ? ಆಗದು. ಈ ವಿದ್ಯೆಯ ಅಪಾಯವಿರುವುದೇ ಇಲ್ಲಿ. ಗಾಳಿ ಕಡಮೆಯಾದಷ್ಟೂ ಟಯರಿನ ಪಕ್ಕಗಳು ಪ್ರತಿ ಸುತ್ತಿಗೂ ಹೆಚ್ಚು ಮಡಿಯುತ್ತವೆ. ಒಂದು ತಂತಿಯನ್ನು ಹಿಂದೆಮುಂದೆ ಬಾಗಿಸುತ್ತಿದ್ದರೆ ಅದು ಬಿಸಿಯಾಗುವಂತೆ ಟಯರೂ ಬಿಸಿಯಾಗುತ್ತದೆ. ರಬ್ಬರು ಶಾಖವನ್ನು ಬೇಗ ಹೊರಗೆ ಬಿಡುವ ವಸ್ತುವಲ್ಲ. ವೇಗ ಹೆಚ್ಚಿದಂತೆ ನಿಮಿಷಕ್ಕೆ ಮಡಿಕೆಗಳೂ ಹೆಚ್ಚುತ್ತವೆ, ಶಾಖವು ಒಳಗೇ ಕೂಡುತ್ತದೆ, ರಬ್ಬರಿನೊಳಗಿನ ನೂಲಿನ ಪದರಗಳು ಬಿಟ್ಟುಕೊಳ್ಳುತ್ತವೆ, ಕೊನೆಗೆ ಟಯರು ಸಿಡಿಯುತ್ತದೆ. ಭಾರ ಹೆಚ್ಚಿದ್ದರೆ ಈ ಅನಾಹುತ ಇನ್ನೂ ಬೇಗ. ಆದುದರಿಂದ ಗಾಳಿ ಇಳಿಸಿದವನು ವೇಗವನ್ನೂ ಇಳಿಸಬೇಕು; ಮೆದುನೆಲ ಮುಗಿದು ಗಟ್ಟಿನೆಲ ಬಂದೊಡನೆ ನಿಂತು ಮತ್ತೆ ಗಾಳಿ ತುಂಬಬೇಕು. ಗಾಳಿಯ ಆಯ್ಕೆ ಬೇರೆ, ವೇಗದ ಆಯ್ಕೆ ಬೇರೆ ಎಂದು ತಿಳಿಯುವುದೇ ತಪ್ಪು. ಭಾರ ಮತ್ತು ನೆಲಗಳು ಗಾಳಿಯನ್ನು ಗೊತ್ತುಮಾಡುತ್ತವೆ, ಗಾಳಿಯು ವೇಗದ ಮೇರೆಯನ್ನು ಗೊತ್ತುಮಾಡುತ್ತದೆ. ಬ್ಯಾಗ್ನೋಲ್ಡರ ಸಾಹಸಗಳ ಹಿಂದೆ ಇದ್ದ ಲೆಕ್ಕಾಚಾರವಿದು.

1929–30ರ ಯಾತ್ರೆಗಳಲ್ಲಿ ಅವರು 'ಗ್ರೇಟ್ ಸ್ಯಾಂಡ್ ಸೀ' ಎಂಬ ಮರಳ ಕಡಲನ್ನು ಎದುರಿಸಿದರು. ನೂರಾರು ಮೈಲು ಉದ್ದಕ್ಕೆ ಅಲೆಗಳಂತೆ ಸಾಲುಸಾಲಾಗಿ ಹಬ್ಬಿದ ದಿಬ್ಬಗಳು. ಅವನ್ನು ಮೋಟಾರು ಏರಲಾರದೆಂದು ಎಲ್ಲರೂ ನಂಬಿದ್ದರು. ಬ್ಯಾಗ್ನೋಲ್ಡರು ಗಂಟೆಗೆ ಸುಮಾರು 40 ಮೈಲು ವೇಗದಿಂದ ಒಂದು ದಿಬ್ಬದ ಮೈಗೆ ನೇರವಾಗಿ ಗಾಡಿಯನ್ನು ನುಗ್ಗಿಸಿದರು. ಗಾಡಿ ಹೂಳಲಿಲ್ಲ, ಸರಾಗವಾಗಿ ಮೇಲೇರಿ, ಕೆಲವೇ ಕ್ಷಣಗಳಲ್ಲಿ ಬಹು ಎತ್ತರದಲ್ಲಿ ನಿಂತಿತು. ಇದು ಬರಿಯ ಧೈರ್ಯದ ಫಲವಲ್ಲ. ಗಾಳಿ ಬೀಸಿ ಬರುವ ಕಡೆಯ ಇಳಿಜಾರಿನಲ್ಲಿ ಮರಳಿನ ಕಣಗಳು ಒತ್ತಾಗಿ ಕೂತು ಭಾರವನ್ನು ತಡೆಯುತ್ತವೆ. ಆಚೆಯ ಕಡೆಯ ಕಡಿದಾದ ಇಳಿಜಾರಿನಲ್ಲಾದರೋ ಕಣಗಳು ಸಡಿಲವಾಗಿ ಜಾರಿಬಿದ್ದಿರುತ್ತವೆ. ಒಂದೇ ದಿಬ್ಬದ ಎರಡು ಮೈಗಳಿಗೆ ಎರಡು ಬಗೆಯ ಸ್ವಭಾವ. ಇದನ್ನು ಓದಲು ಕಲಿತವನಿಗೆ ವೇಗವು ಮಿತ್ರ, ಕಲಿಯದವನಿಗೆ ಮೃತ್ಯು.

ಈ ಯಾತ್ರೆಗಳ ವೇಳೆಗೆ ಅವರು ನಮ್ಮ ದೇಶಕ್ಕೆ ವರ್ಗವಾಗಿ ಬಂದಿದ್ದರು. ವಾಯವ್ಯ ಗಡಿನಾಡಿನ ವಜೀರಿಸ್ತಾನದಲ್ಲಿ ಸೇವೆ ಸಲ್ಲಿಸುತ್ತ, ರಜೆ ದೊರೆತಾಗ ಮರಳುಗಾಡಿಗೆ ಮರಳುತ್ತಿದ್ದರು. 1932ರಲ್ಲಿ ಲಿಬಿಯನ್ ಮರುಭೂಮಿಯನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿದರು. ಇಂದಿನ ಚಾಡ್ ದೇಶದಲ್ಲಿರುವ ಮೌರ್ದಿ ತಗ್ಗಿನಲ್ಲಿ ಶಿಲಾಯುಗದ ಮನುಷ್ಯರ ಉಪಕರಣಗಳನ್ನು ಕಂಡರು. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ 1934ರಲ್ಲಿ ಅವರಿಗೆ ತನ್ನ ಚಿನ್ನದ ಪದಕವನ್ನಿತ್ತಿತು. ಆ ಬಳಿಕ ಪೂರ್ವದೇಶಗಳಲ್ಲಿ ರೋಗಕ್ಕೆ ತುತ್ತಾಗಿ, 1935ರಲ್ಲಿ ಸೈನ್ಯವನ್ನು ಬಿಡಬೇಕಾಯಿತು.

ಮೂವತ್ತೊಂಬತ್ತರ ವಯಸ್ಸಿನಲ್ಲಿ ನಿವೃತ್ತನಾದವನು ಏನು ಮಾಡಬೇಕು? ಬ್ಯಾಗ್ನೋಲ್ಡರು ತಾವು ಕಣ್ಣಿನಿಂದ ಕಂಡದ್ದನ್ನು ಅಳತೆಯಿಂದ ತಿಳಿಯಹೊರಟರು. ಮರಳಿನ ದಿಬ್ಬಗಳು ಏಕೆ ಅಷ್ಟು ಕ್ರಮವಾದ ಆಕಾರ ತಾಳುತ್ತವೆ, ಹೇಗೆ ಚಲಿಸುತ್ತವೆ? ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ತಾವೇ ನಿರ್ಮಿಸಿದ ಗಾಳಿಸುರಂಗದಲ್ಲಿ ಮರಳನ್ನು ಹಾರಿಸಿ ಪರೀಕ್ಷಿಸಿದರು. ಕಣಗಳು ಬಹುಪಾಲು ಧೂಳಿನಂತೆ ತೇಲದೆ, ಚೆಂಡಿನಂತೆ ನೆಗೆನೆಗೆದು ಹೋಗುತ್ತವೆ, ನೆಲಕ್ಕೆ ಬಿದ್ದಾಗ ಬೇರೆ ಕಣಗಳನ್ನು ಎಬ್ಬಿಸುತ್ತವೆ ಎಂಬುದನ್ನು ತೋರಿಸಿಕೊಟ್ಟರು. 1941ರಲ್ಲಿ ಪ್ರಕಟವಾದ ಅವರ 'ದಿ ಫಿಸಿಕ್ಸ್ ಆಫ್ ಬ್ಲೋನ್ ಸ್ಯಾಂಡ್ ಅಂಡ್ ಡೆಸರ್ಟ್ ಡ್ಯೂನ್ಸ್' ಈ ವಿಷಯದ ಮೂಲಗ್ರಂಥವೆನಿಸಿತು. 1944ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ ಬಂದಿತು.

ಆದರೆ ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಅವರನ್ನು ಮತ್ತೆ ಕರೆದಿತ್ತು. 1939ರಲ್ಲಿ ಪೂರ್ವ ಆಫ್ರಿಕಕ್ಕೆ ಹೊರಟಿದ್ದ ಅವರ ಹಡಗು ಮೆಡಿಟರೇನಿಯನ್ ಸಮುದ್ರದಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿ ಹೊಡೆಯಿತು. ಅದರ ರಿಪೇರಿಯ ವೇಳೆಯಲ್ಲಿ ಅವರು ಈಜಿಪ್ಟಿನಲ್ಲಿ ಇಳಿದರು. ಮರುಭೂಮಿಯನ್ನು ಬಲ್ಲ ಮನುಷ್ಯನು ಮರುಭೂಮಿಯ ಬಾಗಿಲಿಗೇ ಬಂದು ನಿಂತದ್ದು ದೈವಯೋಗವೆನ್ನಬೇಕು. ಸೇನಾಪತಿ ವೇವೆಲರು (ಮುಂದೆ ಭಾರತದ ವೈಸರಾಯ್ ಆದವರು) ಅವರನ್ನು ಅಲ್ಲಿಯೇ ಇರಿಸಿಕೊಂಡರು. 1940ರ ಜೂನಿನಲ್ಲಿ ಇಟಲಿ ಯುದ್ಧ ಸಾರಿದಾಗ ಬ್ಯಾಗ್ನೋಲ್ಡರು ತಮ್ಮ ಯೋಜನೆಯನ್ನು ವೇವೆಲರ ಮುಂದಿಟ್ಟರು. ಶತ್ರುವು ಅಸಾಧ್ಯವೆಂದು ಕಾವಲಿಡದೆ ಬಿಟ್ಟ ಮರಳ ಕಡಲಿನ ಮೂಲಕ ಅವನ ಬೆನ್ನ ಹಿಂದೆ ಹೋಗುವ ಸಣ್ಣ ದಳವನ್ನು ಕಟ್ಟಬೇಕೆಂಬುದು ಅದರ ಸಾರ. ಒಪ್ಪಿಗೆ ಕೂಡಲೇ ದೊರೆಯಿತು. ಸಿದ್ಧತೆಗೆ ಆರು ವಾರಗಳ ಗಡುವು. ಹಳೆಯ ಯಾತ್ರೆಯ ಗೆಳೆಯರು ಪ್ಯಾಲೆಸ್ಟೈನಿನಿಂದಲೂ ಟಾಂಗಾನ್ಯಿಕದಿಂದಲೂ ಬಂದು ಸೇರಿದರು. ನ್ಯೂಜಿಲೆಂಡಿನ ಯುವಕರು ಸೈನಿಕರಾಗಲು ಮುಂದೆ ಬಂದರು. ಹೊಲದ ಯಂತ್ರಗಳನ್ನು ನಡೆಸಿ ರಿಪೇರಿ ಮಾಡಿ ಬಲ್ಲ ರೈತಮಕ್ಕಳು ಅವರಲ್ಲಿ ಅನೇಕರಿದ್ದರು. ಹೀಗೆ ಹುಟ್ಟಿದ್ದೇ 'ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್'.

ಈ ದಳಕ್ಕೆ ಗಾಡಿಯನ್ನು ಆರಿಸಿದ ಬಗೆಯೇ ಒಂದು ಪಾಠ. ರಜೆಯ ಯಾತ್ರೆಯ ಹಗುರವಾದ ಫೋರ್ಡ್ ಕಾರುಗಳು ಇಲ್ಲಿ ಸಾಲವು. ವಾರಗಟ್ಟಲೆಯ ಪೆಟ್ರೋಲು, ನೀರು, ಆಹಾರ, ಮದ್ದುಗುಂಡು, ರೇಡಿಯೊ ಎಲ್ಲವನ್ನೂ ಜೊತೆಗೇ ಒಯ್ಯಬೇಕು. ದಾರಿಯಲ್ಲಿ ಏನೂ ಸಿಗುವಂತಿಲ್ಲ. ಪರೀಕ್ಷಿಸಿ ನೋಡಿ ಒಂದೂವರೆ ಟನ್ನಿನ ಶೆವ್ರಲೆ ವ್ಯಾಪಾರೀ ಲಾರಿಗಳನ್ನು ಆರಿಸಿದರು. ಬಾಗಿಲು, ಮಾಡು, ಮುಂದಿನ ಗಾಜು ಎಲ್ಲವನ್ನೂ ಕಿತ್ತು ಬೇಡದ ತೂಕವನ್ನು ಇಳಿಸಿದರು, ಸ್ಪ್ರಿಂಗುಗಳನ್ನು ಬಲಪಡಿಸಿದರು. ಆದರೂ ಭಾರ ತುಂಬಿದ ಲಾರಿಯ ಟಯರು ತೀರಾ ಕಡಮೆ ಗಾಳಿಯಲ್ಲಿ ಸಾಯುತ್ತದೆ, ಹೆಚ್ಚು ಗಾಳಿಯಲ್ಲಿ ಹೂಳುತ್ತದೆ. ನಡುವಿನ ದಾರಿ ಬಲು ಕಿರಿದು. ಮರಳು ಬಂದಾಗ ಗಾಳಿ ಬಿಡುವುದು, ಜಲ್ಲಿನೆಲ ಬಂದಾಗ ಮತ್ತೆ ತುಂಬುವುದು ಈ ಚಾಲಕರ ನಿತ್ಯದ ಕೆಲಸವಾಯಿತು. ದಿನ ಮುಗಿದಾಗ ಎಷ್ಟು ದಣಿದಿದ್ದರೂ ಮೊದಲು ಗಾಡಿಯ ಆರೈಕೆ ಆಗಬೇಕಿತ್ತು. ಶತ್ರುವಿನ ಬೆನ್ನ ಹಿಂದೆ, ನೂರಾರು ಮೈಲು ದೂರದಲ್ಲಿ, ಒಂದು ಟಯರಿನ ನಾಶವೆಂದರೆ ಕೆಲವೊಮ್ಮೆ ಒಂದು ಗಾಡಿಯ ನಾಶ, ಆ ಗಾಡಿಯ ನೀರಿನ ನಾಶ.

ದಳವು ಸಾಧಿಸಿದ್ದು ಆಶ್ಚರ್ಯಕರ. 1941ನೆಯ ಜನವರಿ 11ರಂದು, ಕೈರೋದಿಂದ ಸಾವಿರ ಮೈಲಿಗೂ ಮಿಕ್ಕಿ ದೂರವಿರುವ ಮುರ್ಜುಕ್ ಎಂಬ ಇಟಲಿಯ ಠಾಣೆಯ ಮೇಲೆ, ಚಾಡಿನ ಸ್ವತಂತ್ರ ಫ್ರೆಂಚರೊಡಗೂಡಿ ಅದು ಹಠಾತ್ತನೆ ಎರಗಿತು. ಆ ಫ್ರೆಂಚರ ಸಹಕಾರವನ್ನು ಪಡೆಯಲು ಬ್ಯಾಗ್ನೋಲ್ಡರೇ ವಿಮಾನದಲ್ಲಿ ಫೋರ್ಟ್ ಲಾಮಿಗೆ ಹೋಗಿ ಬಂದಿದ್ದರು. ಎಲ್ಲಿಂದ ಬಂದರು, ಎಲ್ಲಿಗೆ ಹೋದರು ಎಂದು ತಿಳಿಯದೆ ಶತ್ರುವು ತನ್ನ ದೂರದ ಠಾಣೆಗಳಲ್ಲೆಲ್ಲ ಕಾವಲು ಹೆಚ್ಚಿಸಬೇಕಾಯಿತು. 1941ರ ನಡುವಿನಲ್ಲಿ ಬ್ಯಾಗ್ನೋಲ್ಡರು ದಳದ ನಾಯಕತ್ವವನ್ನು ತಮ್ಮ ಹಳೆಯ ಸಹಯಾತ್ರಿಕ ಪ್ರೆಂಡರ್‌ಗಾಸ್ಟರಿಗೆ ಒಪ್ಪಿಸಿದರು. ನಮ್ಮ ದೇಶದ ಅಶ್ವದಳಗಳ ಯೋಧರಿಂದ ಕೂಡಿದ 'ಇಂಡಿಯನ್ ಲಾಂಗ್ ರೇಂಜ್ ಸ್ಕ್ವಾಡ್ರನ್' ಸಹ ಆ ಬಳಿಕ ಇದೇ ಪದ್ಧತಿಯನ್ನು ಕಲಿತು ಇದೇ ಮರಳಿನಲ್ಲಿ ಕೆಲಸ ಮಾಡಿತೆಂಬುದು ನಮಗೆ ಹೆಮ್ಮೆಯ ಸಂಗತಿ.

ಮರಳು ಮಾತ್ರ ಯಾರನ್ನೂ ಮನ್ನಿಸಲಿಲ್ಲ. 1942ರ ಸೆಪ್ಟೆಂಬರಿನಲ್ಲಿ ಬಾರ್ಸೆ ಎಂಬಲ್ಲಿಗೆ ದಾಳಿ ಹೊರಟ ತುಕಡಿಯೊಂದರ ನಾಯಕ ಕ್ಯಾಪ್ಟನ್ ಟಿಂಪ್ಸನ್ನರ ಜೀಪು, ಕತ್ತಿಯ ಬಾಯಿಯಂಥ ದಿಬ್ಬದ ನೆತ್ತಿಯನ್ನು ದಾಟುವಾಗ ಮಗುಚಿಕೊಂಡಿತು. ನಾಯಕರಿಗೂ ಚಾಲಕನಿಗೂ ತೀವ್ರವಾದ ಗಾಯಗಳಾದವು. ಅನುಭವಿಗಳ ದಳಕ್ಕೂ ಹೀಗಾಗಬಹುದಾದರೆ ಇತರರ ಪಾಡೇನು? ಮೇಲೇರಲು ವೇಗ ಬೇಕು, ನೆತ್ತಿಯಲ್ಲಿ ಅದೇ ವೇಗ ಪ್ರಾಣಾಂತಕ. ಆಚೆಯ ನೆಲ ಕಾಣದಿದ್ದಾಗ ನಿಲ್ಲಬಲ್ಲವನೇ ಬಲ್ಲ ಚಾಲಕ.

ಗಾಳಿಯನ್ನು ನೆಲಕ್ಕೆ ತಕ್ಕಂತೆ ಬದಲಿಸುವ ಈ ಕ್ರಮ ಅದೇ ಯುದ್ಧದಲ್ಲಿ ಯಂತ್ರದ ರೂಪವನ್ನೂ ತಾಳಿತು. 1942ರಲ್ಲಿ ಅಮೆರಿಕದಲ್ಲಿ ತಯಾರಾದ, ನೆಲದಲ್ಲಿಯೂ ನೀರಿನಲ್ಲಿಯೂ ಚಲಿಸುವ 'ಡಕ್' ಎಂಬ ಸೈನಿಕ ಲಾರಿಯಲ್ಲಿ ಚಾಲಕನು ಕೂತಲ್ಲಿಂದಲೇ ಟಯರುಗಳ ಗಾಳಿಯನ್ನು ಏರಿಳಿಸುವ ಏರ್ಪಾಡು ಬಂದಿತು. ಕಡಲತೀರದ ಮರಳಿಗೆ ಬಂದಾಗ ಇಳಿಸುವುದು, ಗಟ್ಟಿ ರಸ್ತೆಗೆ ಹತ್ತಿದಾಗ ಏರಿಸುವುದು. ಆ ಬಳಿಕದ ಎಷ್ಟೋ ಸೈನಿಕ ವಾಹನಗಳಲ್ಲಿ ಇಂಥ ಏರ್ಪಾಡು ಇದೆ. ಆದರೆ ಯಂತ್ರವು ಗಾಳಿಯನ್ನು ಬದಲಿಸಬಲ್ಲುದೇ ಹೊರತು ನೆಲವನ್ನು ನೋಡಿ ನಿರ್ಣಯಿಸುವ ವಿವೇಕವನ್ನು ಚಾಲಕನೇ ತರಬೇಕು.

ನಮ್ಮ ಘಾಟಿಯ ದಾರಿಗಳಿಗೂ ಈ ನಿಯಮ ಹೊರತಲ್ಲ; ಅನ್ವಯ ಮಾತ್ರ ಬೇರೆ. ಗಟ್ಟಿಯಾದ ರಸ್ತೆಯಲ್ಲಿ ಭಾರ ಹೊತ್ತ ಲಾರಿಗೆ ಕಡಮೆ ಗಾಳಿಯೇ ಶತ್ರು. ಗಾಳಿಯನ್ನು ಅಳೆಯಬೇಕಾದುದು ಟಯರು ತಣ್ಣಗಿರುವಾಗ, ಗಾಡಿ ಹೊರಡುವ ಮೊದಲು. ಓಡಿ ಬಿಸಿಯಾದ ಟಯರಿನಲ್ಲಿ ಒತ್ತಡ ಏರಿರುವುದನ್ನು ಕಂಡು ಗಾಳಿ ಬಿಟ್ಟರೆ, ತಣಿದಾಗ ಅದು ಬೇಕಾದುದಕ್ಕಿಂತ ಕೆಳಗಿಳಿಯುತ್ತದೆ. ಹಿಂದಿನ ಜೋಡಿ ಚಕ್ರಗಳಲ್ಲಿ ಒಂದಕ್ಕೆ ಗಾಳಿ ಕಡಮೆಯಾದರೆ ಅದರ ಭಾರವೂ ಇನ್ನೊಂದರ ತಲೆಗೆ ಬರುತ್ತದೆ. ಹೊರಗಿನಿಂದ ನೋಡುವವನಿಗೆ ಇದು ತಿಳಿಯದು. ಮಳೆಗಾಲದಲ್ಲಿ ರಸ್ತೆಯ ಮೇಲೆ ನಿಂತ ನೀರನ್ನು ಟಯರು ಒತ್ತಿ ಹೊರಗೆ ದೂಡಬೇಕು. ಗಾಳಿ ಕಡಮೆಯಿದ್ದು ವೇಗ ಹೆಚ್ಚಿದ್ದರೆ ಅದು ನೀರಿನ ಮೇಲೆ ತೇಲಿ, ಸ್ಟಿಯರಿಂಗೂ ಬ್ರೇಕೂ ನಿಷ್ಫಲವಾಗುತ್ತವೆ. ಕೂಡುರಸ್ತೆಯಲ್ಲಿ ಸರಳು ಹಿಡಿದು ಟಯರು ಬಡಿಯುವ ಚಾಲಕನು ಸರಿಯಾದ ದಾರಿಯಲ್ಲಿದ್ದಾನೆ. ಆ ಸರಳಿನ ಜೊತೆಗೆ ಗಾಳಿಯ ಗೇಜೂ ಇದ್ದರೆ ಇನ್ನೂ ಲೇಸು.

ಯುದ್ಧಾನಂತರ ಬ್ಯಾಗ್ನೋಲ್ಡರು ವಿಜ್ಞಾನಕ್ಕೆ ಮರಳಿದರು. 1946ರಲ್ಲಿ ವಿವಾಹವಾಗಿ ನೆಮ್ಮದಿಯ ಸಂಸಾರ ನಡೆಸಿದರು. ಗಾಳಿಯು ಮರಳನ್ನು ಒಯ್ಯುವಂತೆ ಹೊಳೆಯು ಮರಳನ್ನು ಹೇಗೆ ಒಯ್ಯುತ್ತದೆಂಬ ವಿಷಯದಲ್ಲಿ ದೀರ್ಘಕಾಲ ಸಂಶೋಧನೆ ಮಾಡಿ, ಅಮೆರಿಕದ ಭೂವಿಜ್ಞಾನ ಸಮೀಕ್ಷೆಯವರೊಡನೆ ಕೆಲಸ ಮಾಡಿದರು. ಬೇರೆ ಗ್ರಹಗಳ ಮರಳನ್ನು ಕುರಿತು ವಿಜ್ಞಾನಿಗಳು ವಿಚಾರ ಮಾಡತೊಡಗಿದಾಗ ಹಿಡಿದದ್ದೂ ಇದೇ ವೃದ್ಧ ಸೈನಿಕನ ಗ್ರಂಥವನ್ನೇ. 1990ನೆಯ ಮೇ 28ರಂದು, ತೊಂಬತ್ತನಾಲ್ಕರ ಪಕ್ವವಯಸ್ಸಿನಲ್ಲಿ ಅವರು ತೀರಿಕೊಂಡರು. ಮಂಗಳಗ್ರಹದ ಮೇಲಿನ ಮರಳದಿಬ್ಬಗಳ ಒಂದು ಕ್ಷೇತ್ರಕ್ಕೆ ಅವರ ಹೆಸರನ್ನಿಟ್ಟಿದ್ದಾರೆ. 2015ರ ಕೊನೆಗೆ 'ಕ್ಯೂರಿಯಾಸಿಟಿ' ಎಂಬ ಯಂತ್ರವಾಹನ ಅಲ್ಲಿಗೆ ತಲುಪಿತು. ಅದರ ಚಕ್ರಗಳು ಗಾಳಿಯೇ ಇಲ್ಲದ ಅಲ್ಯೂಮಿನಿಯಮ್ ಚಕ್ರಗಳು, ನಡಿಗೆಯೋ ಬಸವನಹುಳುವಿನದು. ಅಲ್ಲಿಯೂ ನೆಲವನ್ನು ನೋಡಿ ಗಾಲಿ, ಗಾಲಿಯನ್ನು ನೋಡಿ ವೇಗ.

ಬ್ಯಾಗ್ನೋಲ್ಡರು ಕಲೆಯ ಕಣ್ಣುಳ್ಳ ಸೈನಿಕರು, ಸೈನಿಕನ ಶಿಸ್ತುಳ್ಳ ವಿಜ್ಞಾನಿ. ಅವರಿಗಿಂತ ಬಲವಾದ ಇಂಜಿನುಗಳು ಆಗಲೂ ಇದ್ದವು, ಅವರಿಗಿಂತ ಧೈರ್ಯಶಾಲಿಗಳೂ ಇದ್ದಿರಬಹುದು. ಆದರೆ ಬಲಕ್ಕೆ ಬಗ್ಗದ ನೆಲವು ತಾಳ್ಮೆಯ ಪರೀಕ್ಷೆಗೆ ದಾರಿ ಬಿಟ್ಟುಕೊಟ್ಟಿತು. ಕೆಲವು ಪೌಂಡು ಗಾಳಿಯನ್ನು ಬಿಡಬಲ್ಲ ವಿನಯ ಅವರಲ್ಲಿತ್ತು. ಅದನ್ನು ಮತ್ತೆ ತುಂಬಲು ಸುಡುಬಿಸಿಲಿನಲ್ಲಿ ನಿಲ್ಲಬಲ್ಲ ಶ್ರಮಶೀಲತೆಯೂ ಇತ್ತು. ವಿದ್ಯೆಯ ದಾರಿಯಲ್ಲಿ ಹೊರಟಿರುವ ನಾವು ಅವರಿಂದ ಕಲಿಯಬೇಕಾದ ಗುಣಗಳು ಇವೆರಡೇ.